ಕೆರೆ ನೀರಿನ ಲೋಟಗಳು

ಊರ್ಮಿಳಾ ಮೇಡಂ ನಮ್ಮ ಶಾಲೆಗೆ ಮೊದಲ ಸಲ ಬಂದ ದಿನ ನಾನು ಅವರನ್ನು ಯಾವುದೋ ಮಗುವಿನ ಅಜ್ಜಿ ಅಂದುಕೊಂಡಿದ್ದೆ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಎರಡು ಸೋಡಾ ಬಾಟಲಿ. ಕಾಡುಗೋಡಿಯಿಂದ ಬಸ್ಸಿನಲ್ಲಿ ಬಂದು, ಮುಖ್ಯರಸ್ತೆಯಲ್ಲಿ ಇಳಿದು, ನೀರಿನ ಟ್ಯಾಂಕರುಗಳು ಎಬ್ಬಿಸುವ ಧೂಳಿನಲ್ಲಿ ನಡೆದು ಬಂದಿದ್ದರು. ಮೊಮ್ಮಗುವಿನ ಟಿ.ಸಿ.ಗೆ ಬಂದಿರಬೇಕೆಂದು ನಾನು ಆಫೀಸಿನ ಕಡೆ ಕೈ ತೋರಿಸಿದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ಬುಧವಾರದ ವಿಜ್ಞಾನದ ಪಾಠಕ್ಕೆ ಟ್ರಸ್ಟಿನವರು ಕಳಿಸಿರುವುದು ತಮ್ಮನ್ನೇ ಎಂದರು.

ನಮ್ಮದು ವರ್ತೂರು ಕೆರೆಯ ಹಿಂಭಾಗದ ಒಂದು ಸಣ್ಣ ಸರ್ಕಾರಿ ಶಾಲೆ. ನಾನು ಅಲ್ಲಿ ಎರಡು, ಮೂರನೆಯ ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಟೀಚರು, ಹೆಸರು ಆಶಾರಾಣಿ. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿದ್ದರೂ ವಿಜ್ಞಾನ ಅಂದರೆ ಪುಸ್ತಕ ಓದಿಸುವುದು, ಪ್ರಶ್ನೋತ್ತರ ಬರೆಸುವುದು ಅಷ್ಟೇ ಆಗಿತ್ತು ನನಗೆ.

ಆ ದಿನ ಅವರು ಗಾಜಿನ ಲೋಟಕ್ಕೆ ಸೋಡಾ ಸುರಿದು ಐದಾರು ಒಣದ್ರಾಕ್ಷಿ ಹಾಕಿದರು. ಹಾಕುವ ಮೊದಲು ಪ್ರತಿ ಮಗುವಿನ ಕೈಗೂ ಒಂದು ಹುಣಸೆ ಬೀಜ ಕೊಟ್ಟಿದ್ದರು. ದ್ರಾಕ್ಷಿ ಮುಳುಗುತ್ತದೆ ಅನ್ನುವವರು ಈ ತಟ್ಟೆಗೆ, ತೇಲುತ್ತದೆ ಅನ್ನುವವರು ಆ ತಟ್ಟೆಗೆ ಬೀಜ ಹಾಕಬೇಕು. ದ್ರಾಕ್ಷಿ ಮೊದಲು ಮುಳುಗಿತು. ಆಮೇಲೆ ಮೈತುಂಬ ಗುಳ್ಳೆ ಅಂಟಿಸಿಕೊಂಡು ಮೇಲಕ್ಕೆ ಬಂತು. ಗುಳ್ಳೆ ಒಡೆದಾಗ ಮತ್ತೆ ಕೆಳಗಿಳಿಯಿತು. ಎರಡೂ ತಟ್ಟೆಯವರು ತಾವೇ ಗೆದ್ದೆವೆಂದು ಜಗಳಕ್ಕೆ ನಿಂತರು. ನೋಡಿದ್ದನ್ನು ಚಿತ್ರ ಬಿಡಿಸಿ ಎಂದಾಗ ಒಬ್ಬ ಹುಡುಗ ದ್ರಾಕ್ಷಿಗೆ ರೆಕ್ಕೆ ಬಿಡಿಸಿದ. ಮೇಡಂ ಗದರಲಿಲ್ಲ. ಅವನ ಪಕ್ಕ ನೆಲದ ಮೇಲೆ ಕೂತು, ರೆಕ್ಕೆ ಎಲ್ಲಿ ಕಂಡಿತು ಎಂದು ಕೇಳಿದರು. ಅವನು ಎದ್ದು ಹೋಗಿ ಲೋಟವನ್ನು ಇನ್ನೊಮ್ಮೆ ನೋಡಿ ಬಂದು, ರೆಕ್ಕೆ ಅಳಿಸಿ ಗುಳ್ಳೆ ಬಿಡಿಸಿದ.

ಅವರ ಪಾಠವೆಲ್ಲ ಹೀಗೇ. ಸಿಪ್ಪೆ ಇರುವ ಕಿತ್ತಳೆ ತೇಲುತ್ತದೆ, ಸುಲಿದದ್ದು ಮುಳುಗುತ್ತದೆ. ಅರಿಸಿನ ಬಳಿದು ಒಣಗಿಸಿದ ಕಾಗದದ ಮೇಲೆ ಸೋಪಿನ ನೀರಲ್ಲಿ ಬರೆದರೆ ಕೆಂಪಕ್ಷರ ಮೂಡುತ್ತದೆ, ನಿಂಬೆಹುಳಿ ಸವರಿದರೆ ಮತ್ತೆ ಹಳದಿ. ಅಡುಗೆಮನೆಯಲ್ಲಿ ಇಲ್ಲದ್ದು ಅವರ ಚೀಲದಲ್ಲಿ ಏನೂ ಇರುತ್ತಿರಲಿಲ್ಲ. ಮುಂದೆ ಏನಾಗುತ್ತದೆಂದು ಮೊದಲೇ ಹೇಳಿಬಿಡುವುದು ಮಾತ್ರ ಅವರಿಗೆ ಆಗದು. ಹೇಳಿಬಿಟ್ಟರೆ ಮಕ್ಕಳು ಹೇಳಿದ್ದನ್ನೇ ನೋಡುತ್ತವೆ, ಆಗಿದ್ದನ್ನು ನೋಡುವುದಿಲ್ಲ ಅನ್ನುತ್ತಿದ್ದರು. ಕೆಲವು ಸಲ ಪ್ರಯೋಗವೇ ಕೈಕೊಡುತ್ತಿತ್ತು, ಬಲೂನು ತೂತಾಗಿರುತ್ತಿತ್ತು, ಅರಿಸಿನ ಕಲಬೆರಕೆಯದಾಗಿರುತ್ತಿತ್ತು. ಆಗ ಕರಿಹಲಗೆಯ ಮೂಲೆಯಲ್ಲಿ ‘ಇವತ್ತು ಆಗಲಿಲ್ಲ’ ಎಂದು ಬರೆದು, ಯಾಕಿರಬಹುದು ಎಂದು ಮಕ್ಕಳನ್ನೇ ಕೇಳುತ್ತಿದ್ದರು.

ಅವರು ಟೀಚರಾಗಿದ್ದವರಲ್ಲ. ಸರ್ಕಾರಿ ಒಡೆತನದ ಒಂದು ದೊಡ್ಡ ಕಾರ್ಖಾನೆಯ ಕಾಲೋನಿಯಲ್ಲಿ ನೌಕರರ ಮಕ್ಕಳಿಗಾಗಿ ಶಾಲೆಯೂ ಪಿಯು ಕಾಲೇಜೂ ಇದ್ದವು. ಅಲ್ಲಿನ ಪ್ರಯೋಗಶಾಲೆಯಲ್ಲಿ ಇಪ್ಪತ್ತನಾಲ್ಕು ವರ್ಷ ಅಟೆಂಡರ್ ಆಗಿದ್ದರು. ಗಂಡ ರಾಮಪ್ರಸಾದ ಅದೇ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದವರು. ಪಿಯುಸಿ ಮುಗಿದ ಬೇಸಿಗೆಯಲ್ಲೇ ಮದುವೆಯಾದ ಊರ್ಮಿಳಾ ಮುಂದೆ ಓದಲಿಲ್ಲ. ಪ್ರನಾಳ ತೊಳೆಯುವುದು, ಪರೀಕ್ಷೆಯ ದಿನ ಹುಡುಗರ ಮುಂದೆ ಹೆಸರಿಲ್ಲದ ಲವಣದ ಪೊಟ್ಟಣ ಇಡುವುದು ಅವರ ಕೆಲಸ. ಯಾವ ಪೊಟ್ಟಣದಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರುತ್ತಿತ್ತು. ಸ್ವಂತ ಮಗ ವಿಶ್ರುತ್ ಪರೀಕ್ಷೆಯ ಹಿಂದಿನ ದಿನ ಬಾಯಿ ಬಿಡಿಸಲು ನೋಡಿದನಂತೆ. ಇವರು ಹೇಳಲಿಲ್ಲ. ಅವನು ಲವಣವನ್ನು ತಪ್ಪಾಗಿ ಗುರುತಿಸಿ ಅಂಕ ಕಳೆದುಕೊಂಡ. ಈಗ ಮೈಸೂರಿನಲ್ಲಿ ಪಿ.ಟಿ. ಮಾಸ್ತರಾಗಿರುವ ಅವನು ಬಂದವರ ಮುಂದೆಲ್ಲ ಇದನ್ನು ಹೇಳಿ ನಗುತ್ತಾನೆ.

ಆ ಪ್ರಯೋಗಶಾಲೆಯಲ್ಲೇ ಅವರಿಗೆ ಕೃಪಾ ಸಿಕ್ಕಿದ್ದು. ಕಾರ್ಖಾನೆಯ ಬಸ್ಸಿನ ಡ್ರೈವರ್ ಶಶಿಕುಮಾರ್ ಅವರ ಮಗಳು. ತಾಯಿ ಇಲ್ಲದ ಮಗು. ಶಾಲೆ ಬಿಟ್ಟ ಮೇಲೆ ಅಪ್ಪನ ಬಸ್ಸು ಬರುವ ತನಕ ಎರಡು ಗಂಟೆ ಹೊತ್ತು ಕಳೆಯಬೇಕು. ಆರನೆಯ ಕ್ಲಾಸಿನಿಂದ ಅವಳು ಆ ಹೊತ್ತನ್ನು ಊರ್ಮಿಳಾ ಅವರ ಪಕ್ಕದ ಸ್ಟೂಲಿನ ಮೇಲೆ ಕಳೆದಳು. ಇವರು ಡಬ್ಬಿಯಲ್ಲಿ ಅವಳಿಗೊಂದು ಪಾಲು ಅವಲಕ್ಕಿ ತರುತ್ತಿದ್ದರು, ಜಡೆ ಬಿಚ್ಚಿ ಬಾಚುತ್ತಿದ್ದರು, ಹಳೆಯ ಪ್ರನಾಳ ಕೊಟ್ಟು ಆಡಲು ಬಿಡುತ್ತಿದ್ದರು. ಉಪ್ಪು ನೀರು ಹಾಕಿದರೆ ಹೆಸರುಕಾಳಿನ ಸಸಿ ಎಲೆಯಂಚಿನಿಂದ ಕಂದಿ ಬಾಡುತ್ತದೆ, ಮಣ್ಣಿನ ಮೇಲೆ ಬಿಳಿ ಕೆನೆ ಕಟ್ಟುತ್ತದೆ ಎಂದು ತೋರಿಸಿಕೊಟ್ಟವರೂ ಇವರೇ. ಮದುವೆಯಾದ ಮೇಲೆ ಪ್ರತಿ ಗೌರಿ ಹಬ್ಬಕ್ಕೂ ಕೃಪಾಳಿಗೆ ಬಾಗಿನ ಕೊಡುತ್ತಿದ್ದದ್ದು ಊರ್ಮಿಳಾ ಅವರೇ.

ಕಾರ್ಖಾನೆ ಶಾಲೆ ಮುಚ್ಚಿತು. ಆರು ವರ್ಷ ಊರ್ಮಿಳಾ ಕಾಡುಗೋಡಿಯ ಮನೆಯಲ್ಲಿ ಸುಮ್ಮನೆ ಕೂತಿದ್ದರು. ಆ ಹೊತ್ತಿಗೆ ಕೃಪಾ ಒಂದು ಟ್ರಸ್ಟಿನಲ್ಲಿ ಹದಿನಾಲ್ಕು ಸರ್ಕಾರಿ ಶಾಲೆಗಳ ವಿಜ್ಞಾನ ಕಾರ್ಯಕ್ರಮ ನೋಡಿಕೊಳ್ಳುವವಳಾಗಿದ್ದಳು. ಡಿಗ್ರಿ ಇಲ್ಲದವರನ್ನು ತೆಗೆದುಕೊಳ್ಳುವುದಿಲ್ಲ ಎಂದ ಮೇಲಿನವರ ಜೊತೆ ವಾದ ಮಾಡಿ ಇವರನ್ನು ನಮ್ಮ ಶಾಲೆಗೆ ಹಾಕಿಸಿದ್ದೂ ಅವಳೇ. ಅದನ್ನು ನಾನು ಮರೆಮಾಚುವುದಿಲ್ಲ. ಊರ್ಮಿಳಾ ಮೇಡಂ ಕೂಡ ಮರೆಯಲಿಲ್ಲ. ತಮ್ಮನ್ನು ಮತ್ತೆ ಮನುಷ್ಯರ ನಡುವೆ ತಂದವಳು ಅವಳು ಎಂದು ಎಷ್ಟೋ ಸಲ ನನ್ನ ಹತ್ತಿರ ಹೇಳಿದ್ದರು.

ಎರಡನೆಯ ವರ್ಷದ ಜುಲೈ ತಿಂಗಳು. ನನ್ನ ತರಗತಿಯಲ್ಲಿ ಲಕ್ಷ್ಮವ್ವ ಎಂಬ ಹುಡುಗಿಯಿದ್ದಳು. ರಾಯಚೂರು ಕಡೆಯವಳು, ಅಪ್ಪ ಅಮ್ಮ ಹತ್ತಿರದ ಅಪಾರ್ಟ್‌ಮೆಂಟ್ ಕಟ್ಟಡಕ್ಕೆ ಗಾರೆ ಕೆಲಸಕ್ಕೆ ಬಂದವರು. ಕೆರೆಯ ನೀರು ಮುಟ್ಟಬೇಡ ಎಂದು ಶೆಡ್ಡಿನಲ್ಲಿ ಎಲ್ಲರೂ ಹೇಳುವುದನ್ನು ಕೇಳಿದ್ದ ಅವಳು ಒಂದು ಬುಧವಾರ ಎದ್ದು ನಿಂತಳು.

“ಟೀಚರ್, ಕೆರಿ ನೀರು ಕುಡದ್ರ ಗಿಡಾನೂ ಸಾಯ್ತಾವೇನ್ರಿ?”

“ನಂಗೊತ್ತಿಲ್ಲ ಕಣೆ. ಗಿಡವನ್ನೇ ಕೇಳೋಣ,” ಎಂದರು ಮೇಡಂ.

ಇಪ್ಪತ್ತನಾಲ್ಕು ಮಕ್ಕಳು, ಇಪ್ಪತ್ತನಾಲ್ಕು ಕಾಗದದ ಲೋಟ. ಎಲ್ಲದಕ್ಕೂ ಒಂದೇ ಗುಡ್ಡೆಯ ಮಣ್ಣು, ಎರಡೆರಡು ಹೆಸರುಕಾಳು. ಎಂಟು ಲೋಟಕ್ಕೆ ಕೆರೆಯ ನೀರು, ಎಂಟಕ್ಕೆ ಶಾಲೆಯ ಬೋರ್‌ವೆಲ್ ನೀರು, ಎಂಟಕ್ಕೆ ಅಂಗಡಿಯ ಕ್ಯಾನ್ ನೀರು. ಪ್ರತಿ ಲೋಟದ ಮೇಲೂ ಮಗುವಿನ ಹೆಸರು ಮತ್ತು ನೀರಿನ ಹೆಸರಿನ ಚೀಟಿ. ಕೆರೆಯ ನೀರನ್ನು ಮೇಡಂ ಕೈಗವಸು ತೊಟ್ಟು ತಾವೇ ತಂದು ತಾವೇ ಹಾಕುತ್ತಿದ್ದರು. ಮಕ್ಕಳು ಮುಟ್ಟುವಂತಿರಲಿಲ್ಲ. ಅದಕ್ಕಾಗಿ ಆ ತಿಂಗಳು ಅವರು ಬುಧವಾರವಲ್ಲದೆ ದಿನ ಬಿಟ್ಟು ದಿನ ಬಂದರು. ಮೊದಲ ದಿನ ಹುಣಸೆ ಬೀಜ ಹಾಕಿಸಿದಾಗ ಕೆರೆ ನೀರಿನ ಗಿಡ ಸಾಯುತ್ತದೆ ಎಂಬ ತಟ್ಟೆಗೆ ಇಪ್ಪತ್ತೆರಡು ಬೀಜ ಬಿದ್ದವು. ಮೇಡಂ ತಮ್ಮದೂ ಒಂದನ್ನು ಅದೇ ತಟ್ಟೆಗೆ ಹಾಕಿದರು. ನಾನೂ ಹಾಕಿದೆ.

ಮೊಳಕೆ ಮೂರನೆಯ ದಿನ ಬಂತು. ಅಳೆಯಲು ಅವರು ದಾರ ತಂದಿದ್ದರು. ಮಗು ತನ್ನ ಸಸಿಯಷ್ಟು ಉದ್ದದ ದಾರ ಕತ್ತರಿಸಿ ಗೋಡೆಯ ಹಾಳೆಗೆ ಅಂಟಿಸಬೇಕು. ಒಂದು ವಾರವಾಗುವಾಗ ದಾರಗಳು ನಾವು ಅಂದುಕೊಂಡಂತೆ ನಿಲ್ಲಲಿಲ್ಲ. ಕೆರೆಯ ನೀರು ಕುಡಿದ ಸಸಿಗಳೇ ಎಲ್ಲಕ್ಕಿಂತ ಎತ್ತರ, ಎಲೆಯೂ ಕಡುಹಸಿರು. ಹನ್ನೆರಡನೆಯ ದಿನಕ್ಕೆ ಅನುಮಾನವೇ ಉಳಿಯಲಿಲ್ಲ. ಲಕ್ಷ್ಮವ್ವನದು ಕೆರೆ ನೀರಿನ ಲೋಟ. ಅವಳ ಸಸಿಯ ಒಂದು ಎಲೆಯನ್ನು ಯಾವುದೋ ಹುಳು ಅರ್ಧಚಂದ್ರದ ಹಾಗೆ ಕಡಿದಿತ್ತು. ಅದನ್ನೂ ಅವಳು ಚಿತ್ರದಲ್ಲಿ ಬಿಡಿಸಿದ್ದಳು.

ಮಕ್ಕಳಿಗಿಂತ ಹೆಚ್ಚು ಖುಷಿಪಟ್ಟವರು ಮೇಡಂ. ತಮ್ಮ ಊಹೆ ತಪ್ಪಾದರೆ ಅವರ ಮುಖ ಅರಳುತ್ತಿತ್ತು. ಆಮೇಲೆ ನಿಧಾನಕ್ಕೆ ವಿವರಿಸಿದರು. ಕೆರೆಗೆ ಸೇರುವುದು ನಮ್ಮೆಲ್ಲರ ಮನೆಯ ಕೊಳಚೆ. ಅದರಲ್ಲಿ ಗೊಬ್ಬರದ ಅಂಶ ಇರುತ್ತದೆ, ಅದಕ್ಕೇ ಕೆರೆಯ ತುಂಬ ಜೊಂಡು ಬೆಳೆಯುವುದು. ಗಿಡಕ್ಕೆ ಊಟವಾದದ್ದು ಮೀನಿಗೂ ಮನುಷ್ಯನಿಗೂ ವಿಷವಾಗಬಹುದು. ಸೊಪ್ಪು ಹಸಿರಾಗಿ ಕಂಡಿತೆಂದು ತಿನ್ನಲು ಯೋಗ್ಯ ಅಂತಲ್ಲ. ಎಂಟು ವರ್ಷದ ಮಕ್ಕಳಿಗೆ ಇದೆಲ್ಲ ತಿಳಿಯಿತು. ಮಾರನೆಯ ದಿನ ಲಕ್ಷ್ಮವ್ವ ಇದನ್ನೇ ತನ್ನ ಅಮ್ಮನಿಗೆ ಗೇಟಿನ ಹತ್ತಿರ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಕೃಪಾ ಬಂದದ್ದು ಒಂದು ಗುರುವಾರ. ಟ್ರಸ್ಟಿಗೆ ಹಣ ಕೊಡುವ ವೈಟ್‌ಫೀಲ್ಡಿನ ಒಂದು ಕಂಪನಿಯವರು ಸೋಮವಾರ ನಮ್ಮ ಶಾಲೆಗೆ ಬರುವುದಿತ್ತು. ಕೆರೆ ಉಳಿಸಿ ಎಂಬುದು ಅವರ ಆ ವರ್ಷದ ವಿಷಯ. ಲೋಟಗಳ ಸಾಲನ್ನು ನೋಡಿ ಅವಳ ಮುಖ ಇಳಿಯಿತು. ಇದೊಂದನ್ನು ಬಿಟ್ಟು ಅರಿಸಿನದ ಕಾಗದ ತೋರಿಸೋಣ ಎಂದು ಕೇಳಿದಳು. ಮೇಡಂ ಒಪ್ಪಲಿಲ್ಲ. ಮಕ್ಕಳು ಮೂರು ವಾರ ಕಾದು ಕಂಡುಕೊಂಡದ್ದು ಇದು, ಯಾಕೆ ಹೀಗಾಯಿತೆಂದು ಅವರೇ ಬಾಯಿಬಿಟ್ಟು ಹೇಳುತ್ತಾರೆ, ಕೇಳಿದವರಿಗೆ ಕೆರೆಯ ಗತಿ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ ಎಂದರು. ಕೃಪಾ ಲೋಟಗಳ ಸಾಲನ್ನು ಇನ್ನೊಮ್ಮೆ ನೋಡಿ, “ಸರಿ ಆಂಟಿ, ನೀವು ಹೇಳ್ದಂಗೇ ಆಗ್ಲಿ,” ಎಂದಳು. ಆ ಸಂಜೆ ಕಾಡುಗೋಡಿಗೆ ಹೋಗಿ ಅವರ ಮನೆಯಲ್ಲಿ ಉಪ್ಪಿಟ್ಟು ತಿಂದಳಂತೆ. ಸೋಮವಾರ ನೀವು ಬಸ್ಸಿನಲ್ಲಿ ಒದ್ದಾಡಬೇಡಿ, ಕಾರು ಕಳಿಸುತ್ತೇನೆ, ಅತಿಥಿಗಳ ಜೊತೆಗೇ ಬನ್ನಿ ಎಂದಳಂತೆ. ಅವಳು ತಮ್ಮ ಕಾಲುನೋವನ್ನು ನೆನಪಿಟ್ಟುಕೊಂಡಿದ್ದಾಳೆ ಎಂದು ಮೇಡಂ ಹಿಗ್ಗಿದರು.

ಸೋಮವಾರ ಹನ್ನೊಂದು ಗಂಟೆಗೆ ಎರಡು ಕಾರು ಬಂದವು. ಮೇಡಂ ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟಿದ್ದರು. ಅತಿಥಿಗಳು ಏಳೆಂಟು ಜನ, ಎಲ್ಲರದೂ ಒಂದೇ ಬಣ್ಣದ ಟೀ ಶರ್ಟು. ನಮ್ಮ ಹೆಡ್‌ಮಾಸ್ಟರ್ ನರಸಪ್ಪನವರು ಎಲ್ಲರಿಗೂ ಗುಲಾಬಿ ಕೊಟ್ಟು ತರಗತಿಗೆ ಕರೆದುಕೊಂಡು ಬಂದರು.

ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದೆ. ಆ ಬೆಳಿಗ್ಗೆ ನಾನು ತರಗತಿಯ ಒಳಗೆ ಹೋಗಿರಲಿಲ್ಲ. ಅಲಂಕಾರ ಮುಗಿದಿದೆ, ಯಾರೂ ಒಳಗೆ ಹೋಗಬೇಡಿ ಎಂದು ಹೆಡ್‌ಮಾಸ್ಟರು ಬಾಗಿಲು ಹಾಕಿಸಿ, ಪ್ರಾರ್ಥನೆಯ ನಂತರ ಮಕ್ಕಳನ್ನು ಅಂಗಳದಲ್ಲೇ ಕೂರಿಸಿದ್ದರು.

ಬಾಗಿಲು ತೆಗೆದಾಗ ಮೊದಲು ಕಂಡದ್ದು ಗೋಡೆ. ದಾರದ ಹಾಳೆ ಇರಲಿಲ್ಲ. ಅದರ ಜಾಗದಲ್ಲಿ ಬಣ್ಣದ ಮುದ್ರಿತ ಪಟ, ಅದರ ಕೆಳಗೆ ‘ಮಾರ್ಗದರ್ಶನ: ಶ್ರೀಮತಿ ಊರ್ಮಿಳಾ’ ಎಂದು ದಪ್ಪ ಅಕ್ಷರ. ಮೇಜಿನ ಮೇಲೆ ಲೋಟಗಳು. ಕೆರೆ ನೀರು ಎಂದು ಚೀಟಿ ಇದ್ದ ಎಂಟು ಲೋಟಗಳಲ್ಲಿ ಸಸಿಗಳು ಕಂದಿ, ಕತ್ತು ಮುರಿದುಕೊಂಡು ಬಿದ್ದಿದ್ದವು. ಬೋರ್‌ವೆಲ್ ನೀರಿನ ಚೀಟಿ ಇದ್ದವು ಕಡುಹಸಿರಾಗಿ ನೆಟ್ಟಗೆ ನಿಂತಿದ್ದವು. ಟೀ ಶರ್ಟಿನವರು ಅಯ್ಯೋ ಪಾಪ ಅನ್ನುವಂತೆ ನಿಟ್ಟುಸಿರು ಬಿಟ್ಟು ಫೋನು ತೆಗೆದರು.

ಮಕ್ಕಳು ಮೇಜಿನ ಸುತ್ತ ನಿಂತರು. ಲಕ್ಷ್ಮವ್ವ ತನ್ನ ಹೆಸರಿನ ಲೋಟದಲ್ಲಿ ಸತ್ತು ಬಿದ್ದ ಸಸಿಯನ್ನು ನೋಡಿದಳು. ಬಗ್ಗಿ ಎಲೆಗಳನ್ನು ನೋಡಿದಳು. ಆಮೇಲೆ ಮೇಜಿನ ಆಚೆ ತುದಿಗೆ ಹೋಗಿ, ಅರ್ಧಚಂದ್ರದ ಹಾಗೆ ಹುಳು ಕಡಿದ ಎಲೆಯ ಸಸಿಯ ಮುಂದೆ ನಿಂತಳು. ಆ ಲೋಟದ ಮೇಲೆ ಬೇರೆ ಹುಡುಗನ ಹೆಸರಿತ್ತು.

“ಅದು ನಂದಲ್ರಿ. ಇದು ನಂದು,” ಎಂದಳು.

ಅತಿಥಿಗಳಲ್ಲಿ ಒಬ್ಬಾಕೆ, ಮಗು ಏನು ಹೇಳುತ್ತಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕೃಪಾ ಮಗುವಿನ ತಲೆ ಸವರುತ್ತ, ತನ್ನ ಗಿಡ ಸತ್ತುಹೋಯಿತೆಂದು ಬೇಜಾರು ಮಾಡಿಕೊಂಡಿದ್ದಾಳೆ ಎಂದು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ಆಕೆಯ ಕಣ್ಣು ಒದ್ದೆಯಾಯಿತು. ಲಕ್ಷ್ಮವ್ವನಿಗೆ ಆ ಮಾತು ಅರ್ಥವಾಗಲಿಲ್ಲ. ಅವಳು ಊರ್ಮಿಳಾ ಮೇಡಂ ಕಡೆ ತಿರುಗಿ, ಅವರು ಹೇಳಲಿ ಎಂದು ಕಾದಳು.

ಮೇಡಂ ಹೇಳಲಿಲ್ಲ. ಅವರು ಬಾಡಿದ ಒಂದು ಲೋಟ ಎತ್ತಿ ಮಣ್ಣಿನ ಮೇಲೆ ಬೆರಳಾಡಿಸುತ್ತಿದ್ದರು. ಬೆರಳ ತುದಿಗೆ ಬಿಳಿ ಪುಡಿ ಹತ್ತಿತ್ತು. ಅಷ್ಟರಲ್ಲಿ ಫೋಟೋಗೆಂದು ಅವರನ್ನು ನಡುವೆ ನಿಲ್ಲಿಸಿದರು. ಕೈಯಲ್ಲಿ ಆ ಲೋಟ ಹಾಗೇ ಇತ್ತು. ನಾನಾದರೂ ಬಾಯಿ ಬಿಡಬಹುದಿತ್ತು. ಹೆಡ್‌ಮಾಸ್ಟರು ನನ್ನನ್ನೇ ನೋಡುತ್ತಿದ್ದರು. ನಾನು ಮಕ್ಕಳಿಗೆ ಚಪ್ಪಾಳೆ ತಟ್ಟಲು ಹೇಳಿದೆ.

ಕಾರುಗಳು ಹೋದ ಮೇಲೆ ಮೇಡಂ ಬಸಮ್ಮನನ್ನು ಕರೆದರು. ಬಸಮ್ಮ ನಮ್ಮ ಬಿಸಿಯೂಟದ ಅಡುಗೆಯವಳು, ತರಗತಿಗಳ ಬೀಗದ ಕೈ ಇಟ್ಟುಕೊಳ್ಳುವವಳು ಅವಳೇ. ಗುರುವಾರದ ಮೇಲೆ ತರಗತಿಗೆ ಯಾರು ಬಂದಿದ್ದರು ಎಂದು ಕೇಳಿದ್ದಕ್ಕೆ ಅವಳು ಅಳುಕದೆ ಹೇಳಿದಳು.

“ಕೃಪಾ ಮೇಡಮ್ಮೋರು ಬಂದಿದ್ರು ಕಣಮ್ಮ. ಶುಕ್ರವಾರ ಇಸ್ಕೂಲು ಬಿಟ್ಮೇಲೆ ಬಂದ್ರು, ಶನಿವಾರ ರಜಾ ಇದ್ರೂನೂ ಬಂದ್ರು. ಬಾಟ್ಲಲ್ಲಿ ನೀರು ತಂದು ಉಯ್ದು, ಚೀಟಿ ಎಲ್ಲ ಕಿತ್ತು ಬದ್ಲಾಯಿಸಿದ್ರು. ಯಾಕಮ್ಮ ಇಂಗೆ ಅಂದೆ. ಊರ್ಮಿಳಮ್ಮೋರೇ ಯೇಳ್ ಕಳ್ಸವ್ರೆ ಅಂದ್ರು. ನೀವು ಯೇಳಿದ್ಮೇಲೆ ಸರಿಯಾಗೇ ಇರ್ತದೆ ಅಂತ ನಾನು ಸುಮ್ಕಾದೆ.”

ಕೃಪಾ ಹೆಡ್‌ಮಾಸ್ಟರಿಗೂ ಅದೇ ಮಾತು ಹೇಳಿದ್ದಳಂತೆ. ಮೇಡಂ ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟರು. ಬಸಮ್ಮ ನೀರು ತಂದುಕೊಟ್ಟಳು, ಕುಡಿಯಲಿಲ್ಲ.

ಅತಿಥಿಗಳನ್ನು ಕಳಿಸಿ ಕೃಪಾ ವಾಪಸು ಬಂದಾಗ ಮಧ್ಯಾಹ್ನ ಎರಡು ಗಂಟೆ. ಮೇಡಮ್ಮನ್ನು ಮನೆಗೆ ಬಿಡಲು ಕಾರಿನಲ್ಲಿ ಬಂದಿದ್ದಳು. ಎಲ್ಲ ಚೆನ್ನಾಗಾಯಿತು, ಕಂಪನಿಯವರಿಗೆ ತುಂಬ ಹಿಡಿಸಿತು ಎಂದು ದೂರದಿಂದಲೇ ಹೇಳುತ್ತ ಬಂದಳು. ನಾನು ಎದ್ದು ಹೋಗಲು ನೋಡಿದೆ, ಮೇಡಂ ಕೈ ಹಿಡಿದು ಕೂರಿಸಿದರು.

“ಉಪ್ಪು ನೀರು ಹಾಕ್ದೆಯಾ ಕೃಪಾ?”

ಅವಳು ಇಲ್ಲ ಎನ್ನಲಿಲ್ಲ. “ಆಂಟಿ, ಕೆರೆ ಹಾಳಾಗಿದೆ ಅನ್ನೋದು ಸುಳ್ಳಾ? ನಾವು ತೋರ್ಸಿದ್ದೂ ಅದನ್ನೇ ಅಲ್ವಾ?”

“ಕೆರೆ ಹಾಳಾಗಿರೋದು ನಿಜ. ಆ ಗಿಡ ಸತ್ತಿದ್ದು ಅದರಿಂದ ಅಲ್ಲ.”

ಬರುವವರು ಹತ್ತು ನಿಮಿಷ ನಿಲ್ಲುತ್ತಾರೆ, ಅಷ್ಟರೊಳಗೆ ಕೊಳಚೆ, ಗೊಬ್ಬರ ಎಂದೆಲ್ಲ ಯಾರು ವಿವರಿಸಲು ಸಾಧ್ಯ ಎಂದು ಕೃಪಾ ಕೇಳಿದಳು. ಕೆರೆ ನೀರಲ್ಲಿ ಗಿಡ ಹುಲುಸಾಗಿ ಬರುತ್ತದೆ ಎಂದು ಅವರು ಫೋಟೋ ತೆಗೆದುಕೊಂಡು ಹೋದರೆ ಹದಿನಾಲ್ಕು ಶಾಲೆಯ ಕೆಲಸವೂ ನಿಂತುಹೋಗುತ್ತದೆ ಎಂದಳು. ಮಕ್ಕಳು ಚಿಕ್ಕವರು, ಮರೆಯುತ್ತಾರೆ ಎಂದಳು. ಮೇಡಂ ಒಂದೇ ಪ್ರಶ್ನೆ ಕೇಳಿದರು.

“ಬಸಮ್ಮನ ಹತ್ರ ನನ್ನ ಹೆಸ್ರು ಯಾಕೆ ಹೇಳ್ದೆ?”

ಕೃಪಾ ನೆಲ ನೋಡಿದಳು. “ನಿಮ್ಮ ಹೆಸ್ರು ಹೇಳಿದ್ರೆ ಯಾರೂ ಏನೂ ಕೇಳಲ್ಲ, ಅದಕ್ಕೆ.”

ಆ ದಿನ ಮೇಡಂ ಅವಳ ಕಾರು ಹತ್ತಲಿಲ್ಲ. ರೇಷ್ಮೆ ಸೀರೆಯಲ್ಲೇ ಟ್ಯಾಂಕರುಗಳ ಧೂಳಿನಲ್ಲಿ ನಡೆದು ಹೋದರು. ನಾನು ಬಸ್ ಸ್ಟಾಪಿನ ತನಕ ಜೊತೆಗೆ ಹೋದೆ. ಬಸ್ಸು ಬಂದಾಗ, ಉಪ್ಪು ನೀರಿನ ಪ್ರಯೋಗವನ್ನು ಅವಳಿಗೆ ತೋರಿಸಿದಾಗ ಅವಳಿಗೆ ಹನ್ನೆರಡು ವರ್ಷ, ಆ ಸಸಿ ಸತ್ತಿದ್ದಕ್ಕೆ ಅತ್ತಿದ್ದಳು ಎಂದರು.

ಬುಧವಾರ ಅವರು ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು. ಮಕ್ಕಳು ಎಂದಿನಂತೆ ಓಡಿಬಂದು ಚೀಲ ಹಿಡಿಯಲಿಲ್ಲ. ಊರ್ಮಿಳಾ ಮಿಸ್ಸೇ ಚೀಟಿ ಬದಲಾಯಿಸಿದ್ದಂತೆ ಎಂಬ ಸುದ್ದಿ ಅಡುಗೆಮನೆಯಿಂದ ತರಗತಿಗೆ ಆಗಲೇ ಮುಟ್ಟಿತ್ತು. ಅವರು ಚೀಲ ತೆರೆಯದೆ ಮಕ್ಕಳ ನಡುವೆ ನೆಲದ ಮೇಲೆ ಕೂತರು. ಸೋಮವಾರ ಮೇಜಿನ ಮೇಲಿದ್ದದ್ದು ಸುಳ್ಳು ಎಂದು ಹೇಳಿದರು. ಚೀಟಿ ಬದಲಾಯಿಸಿದ್ದು ತಾವಲ್ಲ, ಹಾಗೆ ಮಾಡಿ ಎಂದು ಯಾರಿಗೂ ಹೇಳಿಲ್ಲ. ಆದರೆ ಸುಳ್ಳು ಎಂದು ಗೊತ್ತಾದ ಮೇಲೂ ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ, ಅದು ನನ್ನ ತಪ್ಪು ಎಂದರು.

“ಯಾಕ ಹೇಳ್ಲಿಲ್ರಿ?” ಲಕ್ಷ್ಮವ್ವ ಕೇಳಿದಳು.

“ಮಾಡಿದವಳು ನನಗೆ ಬೇಕಾದವಳು ಕಣೆ. ಅವಳ ಮರ್ಯಾದೆ ಹೋಗುತ್ತೆ ಅಂತ ನೋಡ್ದೆ. ನಿನ್ನ ಕಡೆ ನೋಡ್ಲಿಲ್ಲ.”

ಅವತ್ತೇ ಹೊಸ ಲೋಟಗಳಲ್ಲಿ ಹೊಸ ಕಾಳು ಹಾಕಿಸಿದರು. ಈ ಸಲ ಚೀಟಿಯ ಮೇಲೆ ಮಕ್ಕಳ ಹೆಬ್ಬೆಟ್ಟಿನ ಗುರುತೂ ಬಿತ್ತು.

ಆ ಕಾಳುಗಳು ಮೂರೆಲೆ ಬಿಡುವ ತನಕವೂ ಉಳಿಯಲಿಲ್ಲ. ಮೇಡಂ ಟ್ರಸ್ಟಿನ ಮುಖ್ಯಸ್ಥರಿಗೆ ನಡೆದದ್ದನ್ನೆಲ್ಲ ಕನ್ನಡದಲ್ಲಿ ಎರಡು ಪುಟ ಬರೆದು ಅಂಚೆಯಲ್ಲಿ ಕಳಿಸಿದ್ದರು. ಅದಕ್ಕೆ ಉತ್ತರವಾಗಿ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂತು. ಅನಿಸಿಕೆ ತಿಳಿಸಿದ್ದಕ್ಕೆ ಧನ್ಯವಾದ, ಬುಧವಾರದ ತರಗತಿಗಳನ್ನು ಸದ್ಯಕ್ಕೆ ನಿಲ್ಲಿಸಲಾಗಿದೆ ಎಂದು. ನರಸಪ್ಪನವರು ಅವರನ್ನು ಗೇಟಿನಲ್ಲೇ ನಿಲ್ಲಿಸಿ, ಟ್ರಸ್ಟಿನವರಿಂದ ಪತ್ರ ಬಂದ ಮೇಲೆ ಬನ್ನಿ ಅಮ್ಮಾ ಎಂದರು. ಕೆರೆಯ ನೀರನ್ನು ಶಾಲೆಯೊಳಗೆ ತರಬಾರದು ಎಂದು ನನಗೂ ಆದೇಶವಾಯಿತು. ನಾನು ತರಲಿಲ್ಲ. ಲೋಟಗಳು ಒಣಗಿದವು, ಬಸಮ್ಮ ಎತ್ತಿ ಹಾಕಿದಳು. ಆ ತಿಂಗಳ ಕೊನೆಗೆ ಕಟ್ಟಡದ ಕೆಲಸ ಮುಗಿದು ಲಕ್ಷ್ಮವ್ವನ ಮನೆಯವರು ಆನೇಕಲ್ ಕಡೆಗೆ ಹೊರಟುಹೋದರು. ಟಿ.ಸಿ. ಬರೆದುಕೊಟ್ಟವಳು ನಾನೇ. ಅವಳು ನನ್ನ ಹತ್ತಿರ ಊರ್ಮಿಳಾ ಮಿಸ್ ಬಗ್ಗೆ ಏನಾದರೂ ಕೇಳುತ್ತಾಳೇನೋ ಎಂದು ಕಾದೆ. ಕೇಳಲಿಲ್ಲ.

ಗೌರಿ ಹಬ್ಬದ ದಿನ ಕೃಪಾ ಕಾಡುಗೋಡಿಯ ಮನೆಗೆ ಬಂದಳು. ಇದನ್ನು ನನಗೆ ಹೇಳಿದವರು ಮೇಡಂ ಅವರ ಗಂಡ ರಾಮಪ್ರಸಾದರು. ಹೂವು ಹಣ್ಣು ತಂದಿದ್ದಳು. ಊರ್ಮಿಳಾ ಬಾಗಿಲು ಹಾಕಲಿಲ್ಲ, ಒಳಗೆ ಕರೆದು ಕಾಫಿ ಕೊಟ್ಟರು. ಅವಳ ಚೀಲದಿಂದ ಒಂದು ಪುಟ್ಟ ಪುಸ್ತಕ ಹೊರಬಂತು. ಮೂವತ್ತು ಪ್ರಯೋಗಗಳು, ಎಲ್ಲ ಶಾಲೆಗಳಿಗೂ ಹಂಚಲಿಕ್ಕೆ. ಮುಖಪುಟದ ಮೇಲೆ ಊರ್ಮಿಳಾ ಅವರ ಹೆಸರು. ಇದನ್ನು ಕೊಟ್ಟರೆ ಸಿಟ್ಟು ಇಳಿಯುತ್ತದೆ ಎಂದು ಅವಳು ನಿಜವಾಗಿ ನಂಬಿದ್ದಳು ಎಂದು ನನಗನ್ನಿಸುತ್ತದೆ. ಒಳಗೆ ಸೋಡಾ ದ್ರಾಕ್ಷಿ ಇತ್ತು, ಕಿತ್ತಳೆ ಇತ್ತು, ಅರಿಸಿನದ ಕಾಗದ ಇತ್ತು. ಹತ್ತೊಂಬತ್ತನೆಯದು ಕೆರೆಯ ನೀರು. ಕೆಳಗೆ ಒಂದು ಸಾಲು: ‘ಏನಾಗುತ್ತದೆ? ಕೆರೆ ನೀರಿನ ಗಿಡ ಒಣಗಿ ಸಾಯುತ್ತದೆ.’ ಪಕ್ಕದಲ್ಲಿ ಲೋಟ ಹಿಡಿದು ನಿಂತ ಊರ್ಮಿಳಾ ಅವರ ಫೋಟೋ.

ಅವರು ಪುಸ್ತಕವನ್ನು ಮುಚ್ಚಿ ಅವಳ ಕೈಗೇ ಕೊಟ್ಟರಂತೆ. ಎರಡು ಕೆಲಸ ಮಾಡು ಎಂದರಂತೆ, ಈ ಪುಸ್ತಕದಿಂದ ನನ್ನ ಹೆಸರು ತೆಗೆಸು, ಒಂದು ದಿನ ಶಾಲೆಗೆ ಹೋಗಿ ಆ ಮಕ್ಕಳ ಎದುರು ನಡೆದದ್ದನ್ನು ನಿನ್ನ ಬಾಯಿಂದಲೇ ಹೇಳು. ಕೃಪಾ ಕಣ್ಣೊರೆಸಿಕೊಂಡು, ಸರಿ ಆಂಟಿ ಎಂದಳು. ಬಾಗಿನದ ಮೊರವನ್ನು ಅವಳಿಗೆಂದು ಮೊದಲೇ ಸಿದ್ಧ ಮಾಡಿಟ್ಟಿದ್ದರು, ಅದನ್ನು ಕೊಟ್ಟೇ ಕಳಿಸಿದರು. ಅವಳು ನಮ್ಮ ಶಾಲೆಗೆ ಬರಲಿಲ್ಲ. ಪುಸ್ತಕ ಅಕ್ಟೋಬರಿನಲ್ಲಿ ನಮಗೂ ಬಂತು, ಹೆಸರು ಹಾಗೇ ಇತ್ತು, ಫೋಟೋ ಹಾಗೇ ಇತ್ತು.

ನವೆಂಬರಿನಲ್ಲಿ ನರಸಪ್ಪನವರಿಗೆ ವರ್ಗವಾಯಿತು. ಹೊಸ ಹೆಡ್‌ಮಾಸ್ಟರು ಬರುವ ತನಕ ಶಾಲೆಯ ಜವಾಬ್ದಾರಿ ನನ್ನ ಮೇಲೆ ಬಿತ್ತು. ನಾನು ಮೊದಲು ಮಾಡಿದ ಕೆಲಸ ಕಾಡುಗೋಡಿಗೆ ಹೋಗಿ ಊರ್ಮಿಳಾ ಮೇಡಮ್ಮನ್ನು ಕರೆದದ್ದು. ಟ್ರಸ್ಟಿನ ಮೂಲಕ ಅಲ್ಲ, ಸುಮ್ಮನೆ ನಮ್ಮ ಮಕ್ಕಳಿಗಾಗಿ. ಅವರು ಎರಡು ವಾರ ಯೋಚಿಸಿ ಬಂದರು.

ಅವತ್ತು ತಂದಿದ್ದು ಸುಲಭದ್ದು. ಲೋಟದ ತುಂಬ ನೀರು ತುಂಬಿ, ಮೇಲೆ ರಟ್ಟು ಮುಚ್ಚಿ ತಲೆಕೆಳಗು ಮಾಡಿದರೆ ನೀರು ಚೆಲ್ಲುವುದಿಲ್ಲ. ಹುಣಸೆ ಬೀಜ ಹಂಚಿದರು. ಮಕ್ಕಳು ಹಾಕಿದರು, ಮೊದಲಿನಂತೆ ಕೂಗಾಟವಿರಲಿಲ್ಲ. ಲೋಟ ತಲೆಕೆಳಗಾಯಿತು, ನೀರು ನಿಂತಿತು. ಮುಂದಿನ ಸಾಲಿನ ಒಬ್ಬ ಹುಡುಗ, ದ್ರಾಕ್ಷಿಗೆ ರೆಕ್ಕೆ ಬಿಡಿಸಿದ್ದನಲ್ಲ ಅವನೇ, ಎದ್ದು ಬ‍ಂದು ರಟ್ಟಿನ ಅಂಚನ್ನು ಉಗುರಿನಿಂದ ಕೆರೆದು ನೋಡಿದ.

“ಅಂಟು ಹಾಕಿದ್ದೀರಾ ಮಿಸ್?”

ಮೇಡಂ ಲೋಟವನ್ನೂ ರಟ್ಟನ್ನೂ ಅವನ ಕೈಗೆ ಕೊಟ್ಟು, ನೀನೇ ಮಾಡು ಎಂದು ಪಕ್ಕಕ್ಕೆ ಸರಿದರು. ಅವನು ಎರಡು ಸಲ ಮೈಮೇಲೆ ಚೆಲ್ಲಿಕೊಂಡ, ಮೂರನೆಯ ಸಲ ನೀರು ನಿಂತಿತು. ಆಗ ಮಕ್ಕಳು ನಕ್ಕರು, ಒಬ್ಬೊಬ್ಬರಾಗಿ ಬಂದು ತಾವೂ ಮಾಡಿದರು.

ಸಂಜೆ ಬಸ್ಸಿಗೆ ಕಾಯುವಾಗ ನಾನು, ಆ ಹುಡುಗ ಪರೀಕ್ಷಿಸಿ ನೋಡಿದ್ದು ನೀವು ಕಲಿಸಿದ್ದೇ ಅಲ್ಲವಾ ಎಂದು ಸಮಾಧಾನ ಹೇಳಲು ನೋಡಿದೆ.

“ಅಲ್ಲ ಆಶಾ,” ಎಂದರು ಅವರು. “ನಾನು ಕಲಿಸಿದ್ದು ಲೋಟದ ಮೇಲೆ ಅನುಮಾನ ಪಡೋದು. ಅವನು ಪಟ್ಟಿದ್ದು ನನ್ನ ಮೇಲೆ.”

ಬಸ್ಸು ತುಂಬಿತ್ತು. ಕಂಡಕ್ಟರು ಮುಂದಿನದಕ್ಕೆ ಬನ್ನಿ ಎಂದ. ನಾವಿಬ್ಬರೂ ಮುಂದಿನದಕ್ಕೆ ಕಾದೆವು. ಬರುವ ಬುಧವಾರಕ್ಕೆ ಮೇಣದಬತ್ತಿ ಬೇಕಾಗುತ್ತದೆ, ತರಿಸಿಡು ಎಂದರು.